ನ್ಯಾಯಕ್ಕೂ ಬೇಕು ಅಭಯದಾನ

ಆಹಾರದಾನ, ಔಷಧದಾನ, ಶಾಸ್ತ್ರದಾನ, ಅಭಯದಾನ. ಶ್ರಾವಕರಿಗೆ ಹೇಳಿರುವ ಈ ನಾಲ್ಕು ದಾನಗಳಲ್ಲಿ ಮೊದಲ ಮೂರನ್ನು ನಮ್ಮ ಸಮಾಜ ಭಕ್ತಿಯಿಂದ ನಡೆಸಿಕೊಂಡು ಬಂದಿದೆ. ನಾಲ್ಕನೆಯದನ್ನು ಮಾತ್ರ ನಾವು ಹೆಚ್ಚಾಗಿ ಜೀವದಯೆಯ ಅರ್ಥದಲ್ಲಷ್ಟೇ ನೋಡುತ್ತೇವೆ. ಕೋರ್ಟಿನ ಸಮನ್ಸು ಕೈಯಲ್ಲಿ ಹಿಡಿದು, ಯಾರನ್ನು ಕೇಳಬೇಕೆಂದು ತಿಳಿಯದೆ ಕುಳಿತ ವಿಧವೆ ತಾಯಿಗೂ ಅಭಯ ಬೇಕಲ್ಲವೇ?

ಉಮರ್ಗಾ, ನಿಲಂಗಾ, ಉದಗೀರ ಭಾಗದ ಕನ್ನಡ ಮನೆಗಳಿಗೆ ಈ ಪ್ರಶ್ನೆ ಹೊಸದಲ್ಲ. 1956ರ ನವೆಂಬರ್ 1ರವರೆಗೆ ನಿಲಂಗಾ ಮತ್ತು ಉದಗೀರ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಉಸ್ಮಾನಾಬಾದ್ ಜಿಲ್ಲೆಗೆ ಸೇರಿ ಮುಂಬಯಿ ರಾಜ್ಯಕ್ಕೆ ಹೋದವು. 1982ರಲ್ಲಿ ಲಾತೂರು ಜಿಲ್ಲೆಯಾಯಿತು. ಗಡಿ ಬದಲಾಯಿತು, ಬೀಗತನ ಬದಲಾಗಲಿಲ್ಲ. ತವರು ಭಾಲ್ಕಿಯಲ್ಲಿ, ಗಂಡನ ಮನೆ ಉದಗೀರದಲ್ಲಿ. ಅಜ್ಜನ ಕಾಲದ ಕಾಗದ ಉರ್ದುವಿನಲ್ಲಿ, ಈಚೆಯ ಸಾತಬಾರಾ ಉತಾರ ಮರಾಠಿಯಲ್ಲಿ, ಆಚೆಯ ಪಹಣಿ ಕನ್ನಡದಲ್ಲಿ. ಒಂದೇ ಮನೆಯ ವ್ಯಾಜ್ಯಕ್ಕೆ ಮೂರು ಭಾಷೆ, ಎರಡು ರಾಜ್ಯ.

ಮೇಲ್ಮನವಿಗೆ ಹಿಂದೆ ಮುಂಬಯಿಗೇ ಹೋಗಬೇಕಿತ್ತು. 1981ರಲ್ಲಿ ಔರಂಗಾಬಾದಿನಲ್ಲಿ ಹೈಕೋರ್ಟಿನ ಪೀಠ ಆರಂಭವಾಯಿತು. ಅದಕ್ಕೆ ಬಂದ ಆಕ್ಷೇಪಣೆಯನ್ನು ಸುಪ್ರೀಂ ಕೋರ್ಟು 1982ರಲ್ಲಿ ತಳ್ಳಿಹಾಕಿತು. ಗಡಿಯಾಚೆ ಬೀದರದವರಿಗೆ 2008ರಲ್ಲಿ ಕಲಬುರಗಿ ಪೀಠ ಬಂತು. ಇದು ದೊಡ್ಡ ಅನುಕೂಲವೇ ಸರಿ. ಆದರೂ ಉದಗೀರದಿಂದ ಇಂದಿನ ಛತ್ರಪತಿ ಸಂಭಾಜಿನಗರಕ್ಕೆ ಸುಮಾರು 300 ಕಿಲೋಮೀಟರ್. ವಕೀಲರ ಫೀ, ನಕಲು ಪ್ರತಿ, ಬಸ್ಸಿನ ಚಾರ್ಜು, ಕಳೆದುಹೋದ ದಿನದ ಕೂಲಿ ಎಲ್ಲ ಸೇರಿದರೆ ಎರಡೆಕರೆ ಹೊಲದವನು ಕೇಸಿಗಿಂತ ಮೊದಲೇ ಸೋತಿರುತ್ತಾನೆ.

ಇಲ್ಲಿಯೇ ಸಾಲ ಕೊಡುವವನು ಬರುತ್ತಾನೆ: "ಖರ್ಚು ನನ್ನದು, ಗೆದ್ದರೆ ಹೊಲದಲ್ಲಿ ಅರ್ಧ ನನಗೆ." ಇಂಥ ಕರಾರು ನಮ್ಮ ದೇಶದಲ್ಲಿ ತಾನಾಗಿಯೇ ಕಾನೂನುಬಾಹಿರವಲ್ಲ. 1876ರಲ್ಲೇ ಪ್ರಿವಿ ಕೌನ್ಸಿಲ್, ನ್ಯಾಯವಾದ ನೆರವು ತಪ್ಪಲ್ಲ, ಆದರೆ ಕಷ್ಟದಲ್ಲಿರುವವನನ್ನು ಸುಲಿಯುವ ಕರಾರಿಗೆ ಕೋರ್ಟು ಬೆಲೆ ಕೊಡಲಾರದು ಎಂಬ ದಾರಿ ತೋರಿಸಿತು. ಮಹಾರಾಷ್ಟ್ರದಲ್ಲಿ ಹೀಗೆ ಪಾಲಿನ ಆಸೆಗೆ ಹಣ ಹಾಕಿದವನನ್ನು ಕೋರ್ಟು ದಾವೆಯಲ್ಲಿ ವಾದಿಯಾಗಿ ಸೇರಿಸಿ, ಖರ್ಚಿಗೆ ಜಾಮೀನು ಕೇಳಬಹುದು. ವಕೀಲರಂತೂ ಗೆಲುವಿನಲ್ಲಿ ಪಾಲು ಕೇಳುವಂತೆಯೇ ಇಲ್ಲ. ಬಾರ್ ಕೌನ್ಸಿಲ್ ನಿಯಮ ಅದನ್ನು ನಿಷೇಧಿಸಿದೆ. ಆದ್ದರಿಂದ ಓದದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬಾರದು.

ಹಾಗಾದರೆ ಬಡವರಿಗೆ ದಾರಿ ಯಾವುದು? 1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿ ಉಚಿತ ಕಾನೂನು ನೆರವನ್ನು ಸರಕಾರದ ಹೊಣೆ ಮಾಡಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಈ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೆ, ಮಕ್ಕಳಿಗೆ, ಅಂಗವಿಕಲರಿಗೆ ಆದಾಯದ ಮಿತಿಯೇ ಇಲ್ಲ. ಭೂಕಂಪದ ಸಂತ್ರಸ್ತರ ಹೆಸರೂ ಅದರಲ್ಲಿದೆ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪವನ್ನು ಕಂಡ ಉಮರ್ಗಾ ಭಾಗಕ್ಕೆ ಇದರ ಬೆಲೆ ಗೊತ್ತು. ಉಳಿದ ಪುರುಷರಿಗೆ ರಾಜ್ಯ ಗೊತ್ತುಪಡಿಸಿದ ಆದಾಯ ಮಿತಿಯುಂಟು. ಸಾಮಾನ್ಯವಾಗಿ ಪ್ರಮಾಣಪತ್ರ ಕೊಟ್ಟರೆ ಸಾಕು. ಕೇಸಿನಲ್ಲಿ ಮೇಲ್ನೋಟಕ್ಕೆ ಹುರುಳಿರಬೇಕು ಅಷ್ಟೆ. ವಕೀಲರು, ಕೋರ್ಟು ಫೀ, ನಕಲು ಪ್ರತಿ ಮಾತ್ರವಲ್ಲ, ಕಾಗದಪತ್ರಗಳ ಭಾಷಾಂತರವೂ ಈ ನೆರವಿನಲ್ಲಿ ಸೇರಿದೆ. ನಮ್ಮ ಗಡಿನಾಡಿಗೆ ಅದೇ ಮುಖ್ಯ. ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು. 15100 ಸಂಖ್ಯೆಗೆ ಫೋನು ಮಾಡಿಯೂ ಕೇಳಬಹುದು. ಆದರೆ ತಡ ಬೇಡ. ದಿವಾಣಿ ದಾವೆಯಲ್ಲಿ ಸಮನ್ಸು ತಲುಪಿದ 30 ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕೆಂಬುದು ನಿಯಮ.

ಒಂದು ಮಾತನ್ನು ಮನೆಯ ಹಿರಿಯರಿಗೆ ಹೇಳಲೇಬೇಕು. ಉತ್ತರಾಧಿಕಾರದ ವಿಷಯದಲ್ಲಿ ಜೈನರಿಗೂ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಅನ್ವಯ. 2005ರ ತಿದ್ದುಪಡಿಯಿಂದ ಮಗಳೂ ಮಗನಂತೆ ಹುಟ್ಟಿನಿಂದಲೇ ಪಾಲುದಾರಳು. 2020ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು. ಅಕ್ಕತಂಗಿಯರನ್ನು ಹಬ್ಬಕ್ಕೆ ಕರೆದು, ಸೀರೆ ಉಡಿಸಿ, ಹಕ್ಕಸೋಡ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಧರ್ಮವೇ? ಸುಳ್ಳು ಲೇಖವನ್ನೂ, ನಂಬಿ ಇಟ್ಟದ್ದನ್ನು ನುಂಗುವುದನ್ನೂ ಸತ್ಯಾಣುವ್ರತದ ಅತಿಚಾರಗಳೆಂದೇ ನಮ್ಮ ಶಾಸ್ತ್ರ ಎಣಿಸಿದೆ. ಮನಸ್ಸಿನಿಂದ ಬಿಟ್ಟುಕೊಡುವುದು ತ್ಯಾಗ. ತಿಳಿಯದಂತೆ ಬಿಡಿಸಿಕೊಳ್ಳುವುದು ಪರಿಗ್ರಹ.

ಎಲ್ಲ ಜಗಳವೂ ಕೋರ್ಟಿಗೇ ಹೋಗಬೇಕೆಂದು ನಾವು ಹೇಳುತ್ತಿಲ್ಲ. ಲೋಕ ಅದಾಲತ್ತಿನಲ್ಲಿ ಇಬ್ಬರೂ ಒಪ್ಪಿದರೆ ಮಾತ್ರ ತೀರ್ಮಾನ. ಅದು ಡಿಕ್ರಿಗೆ ಸಮಾನ, ಅದರ ಮೇಲೆ ಅಪೀಲಿಲ್ಲ, ಕಟ್ಟಿದ ಕೋರ್ಟು ಫೀ ಮರಳುತ್ತದೆ. ಎದುರಾಳಿಯ ಮಾತಿನಲ್ಲೂ ಸತ್ಯದ ಒಂದು ಮುಖವಿರಬಹುದೆನ್ನುವ ಅನೇಕಾಂತವಾದಿಗಳಿಗೆ ಇದು ಒಗ್ಗುವ ದಾರಿ. ಆದರೆ ರಾಜಿಯ ಹೆಸರಿನಲ್ಲಿ ಬಲಹೀನರ ಬಾಯಿ ಮುಚ್ಚಿಸಬಾರದು.

ಪ್ರತಿ ಊರಿನ ಬಸದಿ ಸಮಿತಿಯವರು ದಶಲಕ್ಷಣ ಪರ್ವದ ಕಾಣಿಕೆಯಲ್ಲಿ ಒಂದಂಶವನ್ನು ನ್ಯಾಯ ನೆರವಿಗೆ ಎತ್ತಿಡಲಿ. ಗೆದ್ದ ಆಸ್ತಿಯಲ್ಲಿ ಪಾಲು ಬೇಡ, ಬಡ್ಡಿಯೂ ಬೇಡ. ಲೆಕ್ಕ ಮಾತ್ರ ಎಲ್ಲರ ಮುಂದಿರಲಿ. ಸಮಾಜದ ವಕೀಲರೊಬ್ಬರು ತಿಂಗಳಿಗೊಂದು ಭಾನುವಾರ ಬಸದಿಯ ಜಗಲಿಯಲ್ಲಿ ಕುಳಿತು ಕಾಗದ ಓದಿ ಹೇಳಲಿ. ಮರಾಠಿ ಬಲ್ಲ ಯುವಕರು ಜೊತೆಗೆ ತಾಲೂಕು ಕಚೇರಿಯವರೆಗೆ ನಡೆಯಲಿ. ಜಾತಿ, ಭಾಷೆ ಕೇಳದೆ ಬಂದವರೆಲ್ಲರಿಗೂ ಈ ಬಾಗಿಲು ತೆರೆದಿರಲಿ. ಭಯದಲ್ಲಿರುವವರ ಪಕ್ಕದಲ್ಲಿ ನಿಲ್ಲುವುದೇ ಅಭಯದಾನ.