ಯಂತ್ರದ ಸಹಾಯಕನಿಗೂ ಬೇಕು ಸ್ಪಷ್ಟವಾದ ಚೀಟಿ

ಔಷಧಿ ಡಬ್ಬಿಯ ಮೇಲಿನ ಚೀಟಿ ಹರಿದು ಹೋಗಿದ್ದರೆ ಅದನ್ನು ನೀವು ಬೆಳೆಗೆ ಸಿಂಪಡಿಸುವಿರಾ? ಖಂಡಿತ ಇಲ್ಲ. ಒಳಗಿರುವುದು ಯಾವ ಔಷಧಿ, ಯಾವ ಬೆಳೆಗೆ, ಎಷ್ಟು ನೀರಿಗೆ ಎಷ್ಟು ಬೆರೆಸಬೇಕು, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂಬುದೆಲ್ಲ ಆ ಚೀಟಿಯಿಂದಲೇ ತಿಳಿಯಬೇಕು. ಈಗ ಬಳಕೆಗೆ ಬರುತ್ತಿರುವ ಕೃತಕ ಬುದ್ಧಿಮತ್ತೆಯ ಸಹಾಯಕಗಳಿಗೂ ಇದೇ ಮಾತು ಅನ್ವಯಿಸುತ್ತದೆ. ವ್ಯತ್ಯಾಸ ಒಂದೇ. ಚೀಟಿ ಇಲ್ಲದ ಡಬ್ಬಿಯನ್ನು ನೀವು ಬದಿಗಿಡುತ್ತೀರಿ. ಯಂತ್ರ ಎಷ್ಟೋ ಸಲ ಊಹಿಸಿ ಬಳಸಿಬಿಡುತ್ತದೆ.

ಸಹಾಯಕ ಕೆಲಸ ಮಾಡುವ ಬಗೆ

ಪ್ರಶ್ನೆಗೆ ಉತ್ತರ ಹೇಳುವುದಲ್ಲದೆ, ಪೇಟೆ ದರ ನೋಡುವುದು, ಮಳೆಯ ಮುನ್ಸೂಚನೆ ತರುವುದು, ಪಂಪು ಚಾಲೂ ಮಾಡುವುದು ಮುಂತಾದ ಕೆಲಸಗಳನ್ನೂ ಮಾಡುವ ತಂತ್ರಾಂಶವನ್ನು ‘ಏಜೆಂಟ್’ ಎನ್ನುತ್ತಾರೆ. ಒಂದೊಂದು ಕೆಲಸಕ್ಕೂ ಅದರ ಕೈಗೆ ಒಂದೊಂದು ‘ಉಪಕರಣ’ ಕೊಟ್ಟಿರುತ್ತಾರೆ. ಪ್ರತಿ ಉಪಕರಣಕ್ಕೂ ಒಂದು ಹೆಸರು, ಕೆಲವು ವಾಕ್ಯಗಳ ವಿವರಣೆ ಮತ್ತು ಒದಗಿಸಬೇಕಾದ ಮಾಹಿತಿಯ ಪಟ್ಟಿ ಇರುತ್ತದೆ. ಆಂತ್ರೊಪಿಕ್ ಸಂಸ್ಥೆ 2024ರ ನವೆಂಬರಿನಲ್ಲಿ ಪ್ರಕಟಿಸಿದ ಎಂ.ಸಿ.ಪಿ. ಎಂಬ ಪದ್ಧತಿಯಲ್ಲೂ ಕ್ರಮ ಇದೇ. ಸಾಮಾನ್ಯವಾಗಿ ಏಜೆಂಟಿಗೆ ಉಪಕರಣದ ಒಳಗೆ ಏನಿದೆ ಎಂಬುದು ಕಾಣುವುದಿಲ್ಲ. ವಿವರಣೆಯನ್ನು ಓದಿಯೇ ಯಾವುದನ್ನು, ಯಾವಾಗ, ಹೇಗೆ ಬಳಸಬೇಕೆಂದು ಅದು ತೀರ್ಮಾನಿಸುತ್ತದೆ.

ಅಪೂರ್ಣ ವಿವರಣೆಯಿಂದಾಗುವ ನಷ್ಟ

ಒಂದು ಉಪಕರಣದ ವಿವರಣೆ ‘ಅಡಿಕೆ ದರ ಕೊಡುತ್ತದೆ’ ಎಂದಷ್ಟೇ ಇದೆ ಎನ್ನೋಣ. ಶಿವಮೊಗ್ಗದ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಬೇರೆ ದರ್ಜೆಗಳಿವೆ. ಸರಕಿನ ಬೆಲೆಗೂ ಗೊರಬಲಿನ ಬೆಲೆಗೂ ಬಹಳ ಅಂತರವಿದೆ. ಮೇಲಾಗಿ ಪ್ರತಿ ದರ್ಜೆಗೂ ಕನಿಷ್ಠ, ಗರಿಷ್ಠ ಮತ್ತು ಹೆಚ್ಚು ಮಾಲು ಮಾರಾಟವಾದ ದರ ಎಂದು ಮೂರು ಅಂಕಿಗಳಿರುತ್ತವೆ. ಯಾವ ದರ್ಜೆ, ಯಾವ ದಿನ, ಮೂರರಲ್ಲಿ ಯಾವ ದರ ಎಂದು ಬರೆಯದಿದ್ದರೆ ಏಜೆಂಟು ಸರಕಿನ ಗರಿಷ್ಠ ದರವನ್ನೇ ರಾಶಿಯ ದರವೆಂದು ಹೇಳಬಹುದು. ಅದನ್ನು ನಂಬಿ ಲಾರಿ ತುಂಬಿಸಿದವರು ಬಾಡಿಗೆಯನ್ನೂ ಕಳೆದುಕೊಳ್ಳುತ್ತಾರೆ.

ಅದೇ ವಿವರಣೆಯನ್ನು ಹೀಗೆ ತಿದ್ದಬಹುದು: ‘ಕೇಳಿದ ಮಾರುಕಟ್ಟೆಯಲ್ಲಿ ಕೇಳಿದ ದರ್ಜೆಯ ಅಡಿಕೆಗೆ ಕೊನೆಯದಾಗಿ ವಹಿವಾಟು ನಡೆದ ದಿನದ ಕನಿಷ್ಠ, ಗರಿಷ್ಠ ಮತ್ತು ಹೆಚ್ಚು ಮಾಲು ಮಾರಾಟವಾದ ದರವನ್ನು, ಕ್ವಿಂಟಾಲಿಗೆ ರೂಪಾಯಿಗಳಲ್ಲಿ, ತಾರೀಖಿನೊಡನೆ ಕೊಡುತ್ತದೆ. ರೈತರು ದರ್ಜೆ ಹೇಳದಿದ್ದರೆ ಮೊದಲು ಕೇಳಿ ತಿಳಿಯಬೇಕು. ಮುಂದಿನ ದರವನ್ನು ಊಹಿಸಲು ಇದನ್ನು ಬಳಸಬಾರದು.’

ವಿವರಣೆಯಲ್ಲಿ ಇರಬೇಕಾದ ಅಂಶಗಳು

1. ಉಪಕರಣ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬೆರಡನ್ನೂ ಬರೆಯಬೇಕು. ‘ಇಂದಿನ ದರ’ ಮತ್ತು ‘ತಿಂಗಳ ಸರಾಸರಿ ದರ’ದಂತಹ ಹತ್ತಿರದ ಉಪಕರಣಗಳಿದ್ದರೆ ಯಾವುದನ್ನು ಯಾವಾಗ ಬಳಸಬೇಕೆಂದು ತಿಳಿಸಬೇಕು.

2. ಅಳತೆಯನ್ನು ಬಿಡಿಸಿ ಹೇಳಬೇಕು. 1 ಹೆಕ್ಟೇರೆಂದರೆ ಸುಮಾರು 2.5 ಎಕರೆ. ಹೆಕ್ಟೇರಿನ ಪ್ರಮಾಣವನ್ನು ಎಕರೆಗೆ ಹಾಕಿದರೆ ಗೊಬ್ಬರ ಎರಡೂವರೆ ಪಟ್ಟಾಗುತ್ತದೆ. 50 ಕಿಲೋ ಯೂರಿಯಾದಲ್ಲಿ ಸಾರಜನಕವಿರುವುದು 23 ಕಿಲೋ ಮಾತ್ರ. ಆದ್ದರಿಂದ ಅಂಕಿ ಗೊಬ್ಬರದ್ದೋ ಪೋಷಕಾಂಶದ್ದೋ ಎಂಬುದೂ ಸ್ಪಷ್ಟವಿರಬೇಕು.

3. ತಾರೀಖಿನ ಕ್ರಮವನ್ನು ನಿಗದಿ ಮಾಡಬೇಕು. 5-6 ಎಂದರೆ ಜೂನ್ 5 ಆಗಬಹುದು, ಮೇ 6 ಕೂಡ ಆಗಬಹುದು.

4. ಕೆಲಸ ಆಗದಿದ್ದರೆ ಬರುವ ಉತ್ತರವನ್ನು ತಿಳಿಸಬೇಕು. ಮಾರುಕಟ್ಟೆಗೆ ರಜೆ ಇದ್ದ ದಿನ ‘ವಹಿವಾಟು ಇಲ್ಲ’ ಎಂದು ಬರಬೇಕೇ ಹೊರತು ಸೊನ್ನೆ ಬರಬಾರದು.

5. ಹಿಂದೆಗೆಯಲಾಗದ ಕೆಲಸಗಳನ್ನು ಬೇರೆಯಾಗಿ ಗುರುತಿಸಬೇಕು. ದರ ನೋಡಿದರೆ ನಷ್ಟವಿಲ್ಲ. ಮಾಲು ಮಾರಿದರೆ, ಹಣ ಕಳಿಸಿದರೆ ವಾಪಸು ಬರುವುದು ಕಷ್ಟ. ಇಂತಹ ಕಡೆ ‘ರೈತರ ಒಪ್ಪಿಗೆ ಪಡೆದ ಮೇಲೆ ಮಾತ್ರ’ ಎಂದು ಬರೆಯಬೇಕು.

ವಿವರಣೆಯೇ ಬೀಗವಲ್ಲ

ಬಾವಿಯಲ್ಲಿ ನೀರಿಲ್ಲದಾಗ ಪಂಪು ಓಡಿದರೆ ಮೋಟಾರು ಸುಡುತ್ತದೆ. ‘ನೀರಿನ ಮಟ್ಟ ನೋಡಿ ಚಾಲೂ ಮಾಡು’ ಎಂದು ವಿವರಣೆಯಲ್ಲಿ ಬರೆಯುವುದು ಅವಶ್ಯ, ಆದರೆ ಅಷ್ಟೇ ಸಾಲದು. ಏಜೆಂಟು ತಪ್ಪು ಮಾಡಿದರೂ ಪಂಪು ತಾನಾಗಿ ನಿಲ್ಲುವ ವ್ಯವಸ್ಥೆ ಸ್ಟಾರ್ಟರಿನಲ್ಲಿಯೇ ಇರಬೇಕು. ‘ಆಜ್ಞೆ ಕಳಿಸಲಾಯಿತು’ ಎಂಬುದಕ್ಕೂ ‘ಪಂಪು ಓಡುತ್ತಿದೆ’ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಉತ್ತರ ತೋರಿಸಬೇಕು. ಕರೆಂಟು ಇಲ್ಲದ ಹೊತ್ತಿನಲ್ಲಿ ‘ಆಯಿತು’ ಎಂಬ ಉತ್ತರ ಬಂದರೆ ಗದ್ದೆ ಒಣಗುತ್ತದೆ.

ಪರೀಕ್ಷಿಸುವ ವಿಧಾನ

ನಿಮ್ಮ ಸಂಘ ಅಥವಾ ರೈತ ಉತ್ಪಾದಕ ಕಂಪನಿ ಇಂತಹ ಸಹಾಯಕವನ್ನು ಮಾಡಿಸುವುದಾದರೆ, ಹಣ ಕೊಡುವ ಮುನ್ನ ಎಲ್ಲ ಉಪಕರಣಗಳ ವಿವರಣೆಯನ್ನು ಕನ್ನಡದಲ್ಲಿ ಬರೆಸಿ ತರಿಸಿಕೊಳ್ಳಿ. ತಂತ್ರಾಂಶ ಬರೆಯುವವರಿಗೆ ಕಂಪ್ಯೂಟರ್ ಗೊತ್ತು. ಗುಂಟೆ, ದರ್ಜೆ, ಹಂಗಾಮು ಗೊತ್ತಿರುವುದು ನಿಮಗೆ. ನೀವು ದಿನವೂ ಆಡುವ ಮಾತಿನಲ್ಲೇ ಇಪ್ಪತ್ತು ಪ್ರಶ್ನೆ ಕೇಳಿ ನೋಡಿ. ಪ್ರತಿ ಪ್ರಶ್ನೆಗೂ ಏಜೆಂಟು ಯಾವ ಉಪಕರಣ ಆರಿಸಿತು, ಅದಕ್ಕೆ ಏನು ಮಾಹಿತಿ ಕೊಟ್ಟಿತು ಎಂಬುದನ್ನು ತೋರಿಸುವಂತೆ ಕೇಳಿ ಬರೆದಿಟ್ಟುಕೊಳ್ಳಿ. ತಪ್ಪಿದ ಕಡೆ ವಿವರಣೆಯನ್ನು ತಿದ್ದಿಸಿ, ಅವೇ ಪ್ರಶ್ನೆಗಳನ್ನು ಮತ್ತೆ ಕೇಳಿ.

ಒಂದು ಸುಲಭ ಅಳತೆಗೋಲನ್ನು ನೆನಪಿಡಿ. ಊರಿಗೆ ಹೊಸದಾಗಿ ಬಂದ ಆಳು ಆ ವಿವರಣೆಯನ್ನು ಓದಿ, ಯಾರನ್ನೂ ಕೇಳದೆ ಕೆಲಸವನ್ನು ಸರಿಯಾಗಿ ಮಾಡಬಲ್ಲನೇ? ಅವನಿಗೆ ಸಂದೇಹ ಬರುವ ಕಡೆಯಲ್ಲಿ ಯಂತ್ರ ಊಹೆ ಮಾಡುತ್ತದೆ. ಊಹೆಯಿಂದಾಗುವ ನಷ್ಟವನ್ನು ಹೊರುವವರು ಮಾತ್ರ ನೀವೇ.