ವಿಭವಾಂತರ ಮತ್ತು ವಿದ್ಯುತ್ಪ್ರವಾಹ: ಪ್ರಯೋಗಶಾಲೆಯಿಂದ ಪಂಪ್‌ಸೆಟ್ಟಿನವರೆಗೆ

ತಾಪ ಬದಲಾಗದಿದ್ದರೆ ಲೋಹದ ವಾಹಕದಲ್ಲಿನ ವಿದ್ಯುತ್ಪ್ರವಾಹವು ವಿಭವಾಂತರದೊಡನೆ ನೇರ ಅನುಪಾತದಲ್ಲಿರುತ್ತದೆ. ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವಿದು. ಆಮ್ಮೀಟರನ್ನು ಶ್ರೇಣಿಯಲ್ಲಿಯೂ ವೋಲ್ಟ್‌ಮೀಟರನ್ನು ಸಮಾಂತರವಾಗಿಯೂ ಜೋಡಿಸಿ ಪಡೆದ ಬೆಲೆಗಳ ನಕ್ಷೆಯು ಮೂಲಬಿಂದುವಿನಿಂದ ಹೊರಡುವ ಸರಳರೇಖೆಯಾಗುತ್ತದೆ.

ತುಂಗಭದ್ರೆಯ ತೀರದ ಹರಿಹರದಲ್ಲಿಯೂ ದಾವಣಗೆರೆಯ ಸುತ್ತಲೂ ಹೊಲಗಳಿಗೆ ನೀರೆತ್ತುವ ಪಂಪ್‌ಸೆಟ್ಟುಗಳಲ್ಲಿ ಈ ನಿಯಮದ ಅನ್ವಯವನ್ನೂ ಮಿತಿಯನ್ನೂ ಒಟ್ಟಿಗೆ ಕಾಣಬಹುದು. ಹೋಗಿಬರುವ ತಂತಿಯ ಒಟ್ಟು ರೋಧ 1 ಓಮ್ ಎಂದಿಟ್ಟುಕೊಂಡರೆ, 10 ಆಂಪಿಯರ್ ಪ್ರವಾಹಕ್ಕೆ 10 ವೋಲ್ಟ್, 20 ಆಂಪಿಯರಿಗೆ 20 ವೋಲ್ಟ್ ತಂತಿಯಲ್ಲಿಯೇ ಕಳೆದುಹೋಗುತ್ತದೆ. ಉಷ್ಣವಾಗಿ ಪೋಲಾಗುವ ಸಾಮರ್ಥ್ಯವು 100 ವ್ಯಾಟ್‌ನಿಂದ 400 ವ್ಯಾಟಿಗೆ ಏರುತ್ತದೆ.

ಮೋಟಾರಾದರೋ ಸರಳ ರೋಧಕವಲ್ಲ. ಹೊರೆ ಹೊತ್ತ ಪ್ರೇರಣ ಮೋಟಾರು ವೋಲ್ಟೇಜು ಕುಗ್ಗಿದಾಗ ಹೆಚ್ಚು ಪ್ರವಾಹವನ್ನೆಳೆಯುತ್ತದೆ; ತಂತಿಯ ನಷ್ಟ ಮತ್ತಷ್ಟು ಬೆಳೆದು, ಕಡೆಗೆ ಸುರುಳಿಯೇ ಸುಡಬಹುದು. ಆದುದರಿಂದ ತಕ್ಕಷ್ಟು ದಪ್ಪವಾದ ತಂತಿಯ ಆಯ್ಕೆಯು ರೈತನ ಮೋಟಾರನ್ನು ಕಾಯುವ ಮೊದಲ ಉಪಾಯವಾಗಿದೆ.