ಹೋಗುವಾಗ ಬೇಗ, ಬರುವಾಗ ತಡ: ಭೂಮಿಯನ್ನು ದೂರಬೇಡಿ

ನ್ಯೂಜೆರ್ಸಿಯ ವುಡ್‌ಬ್ರಿಡ್ಜ್‌ನಲ್ಲಿ ಬೇಸಿಗೆ ಬಂತೆಂದರೆ ಊರಿಂದ ಅಪ್ಪ-ಅಮ್ಮಂದಿರು ಬರುತ್ತಾರೆ, ಅವರ ಜೊತೆ ಈ ಮಾತೂ ಬರುತ್ತದೆ. ಓಕ್ ಟ್ರೀ ರಸ್ತೆಯ ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುತ್ತಿದ್ದ ಹಿರಿಯರೊಬ್ಬರು ಮೊಮ್ಮಗನಿಗೆ ಹೇಳುತ್ತಿದ್ದರು: "ನೋಡು ಮರಿ, ಭೂಮಿ ಪೂರ್ವಕ್ಕೆ ತಿರುಗುತ್ತೆ. ಇಂಡಿಯಾಕ್ಕೆ ಹೋಗೋವಾಗ ವಿಮಾನ ಅದರ ಜೊತೆಗೇ ಹೋಗುತ್ತೆ, ಅದಕ್ಕೇ ಬೇಗ. ಬರೋವಾಗ ಎದುರು ಬರಬೇಕು, ಅದಕ್ಕೇ ತಡ." ಎಂಜಿನಿಯರ್ ಮಗ ಪಕ್ಕದಲ್ಲೇ ನಿಂತು ತಲೆಯಾಡಿಸಿದ. ನನ್ನ ಸಿಟ್ಟು ಅವನ ಮೇಲೆ.

ಹೋಗುವಾಗ ಬೇಗ ಎಂಬುದು ನಿಜವೇ. ನ್ಯೂವಾರ್ಕ್‌ನಿಂದ ದೆಹಲಿಗೆ ನೇರ ದೂರ ಸುಮಾರು 11,800 ಕಿ.ಮೀ.; ಹೋಗಲು ಸಾಮಾನ್ಯವಾಗಿ 14 ಗಂಟೆಯ ಆಸುಪಾಸು, ಬರಲು 15ಕ್ಕೂ ಹೆಚ್ಚು. ಕಾರಣ ಮಾತ್ರ ತಪ್ಪು. ನಮ್ಮ ವುಡ್‌ಬ್ರಿಡ್ಜ್‌ನ ನೆಲ ಗಂಟೆಗೆ ಸುಮಾರು 1,270 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ವಿಮಾನದ ವೇಗ 900ರಷ್ಟು. ಗಾಳಿ ನಿಂತಲ್ಲೇ ನಿಂತು ನೆಲವೊಂದೇ ತಿರುಗುವುದಾಗಿದ್ದರೆ ಪೂರ್ವಕ್ಕೆ ಹೊರಟ ವಿಮಾನ ನ್ಯೂವಾರ್ಕ್‌ಗಿಂತಲೂ ಹಿಂದೆ ಬೀಳುತ್ತಿತ್ತು, ಆ ಗಾಳಿಯ ಹೊಡೆತಕ್ಕೆ ಇಲ್ಲಿ ಒಂದು ಮನೆಯ ಸೂರೂ ಉಳಿಯುತ್ತಿರಲಿಲ್ಲ. ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ, ವಿಮಾನ ಆ ಗಾಳಿಯೊಳಗಿದೆ. ಓಡುವ ಬಸ್ಸಿನಲ್ಲಿ ಹಾರುವ ಸೊಳ್ಳೆ ಹಿಂದಿನ ಗಾಜಿಗೆ ಹೋಗಿ ಬಡಿಯುತ್ತದೆಯೇ?

ಬೇಗ ಕರೆದೊಯ್ಯುವುದು ಜೆಟ್ ಸ್ಟ್ರೀಮ್. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆ ಅದು. ಉಷ್ಣವಲಯದ ಬಿಸಿಗೂ ಧ್ರುವದ ಚಳಿಗೂ ಇರುವ ಅಂತರದಿಂದ ಹುಟ್ಟುತ್ತದೆ. ಅದನ್ನು ಪೂರ್ವಕ್ಕೆ ತಿರುಗಿಸುವುದರಲ್ಲಿ ಭೂಮಿಯ ತಿರುಗುವಿಕೆಗೆ ಪಾಲಿದೆ, ಆ ಹಿರಿಯರಿಗೆ ಅಷ್ಟು ಅಂಕ ಕೊಡಲೇಬೇಕು. ಚಳಿಗಾಲದಲ್ಲಿ ಅದರ ರಭಸ ಹೆಚ್ಚು. 2020ರ ಫೆಬ್ರವರಿಯಲ್ಲಿ ಕಿಯಾರಾ ಚಂಡಮಾರುತದ ಹೊತ್ತಿಗೆ ನ್ಯೂಯಾರ್ಕ್‌ನ ಕೆನಡಿ ನಿಲ್ದಾಣದಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನ 4 ಗಂಟೆ 56 ನಿಮಿಷಕ್ಕೆ ಲಂಡನ್ ಮುಟ್ಟಿತು. ಭೂಮಿಯೇನು ಅಂದು ಜೋರಾಗಿ ತಿರುಗಲಿಲ್ಲ.



ಬೇಸರವಾಗುವುದು ಗೊತ್ತಿಲ್ಲದವರ ಬಗ್ಗೆಯಲ್ಲ. ಓದಿಕೊಂಡವರು ಫಾರ್ವರ್ಡ್ ಆಗಿ ಬಂದದ್ದನ್ನು ಒಂದು ನಿಮಿಷ ಯೋಚಿಸದೆ ಮಕ್ಕಳ ಕಿವಿಗೆ ಹಾಕುತ್ತಾರಲ್ಲ, ಅದಕ್ಕೆ. ಟಿಕೆಟ್ ನೋಡುವಾಗಲೂ ಅದೇ ಅವಸರ. ದೆಹಲಿ ಬಿಡುವುದು ರಾತ್ರಿ 2ಕ್ಕೆ, ನ್ಯೂವಾರ್ಕ್ ಸೇರುವುದು ಬೆಳಗ್ಗೆ 7.30ಕ್ಕೆ ಎಂದಿದ್ದರೆ "ಐದೂವರೆ ಗಂಟೆ ಅಷ್ಟೇ" ಎಂದುಬಿಡುತ್ತಾರೆ. ಬೇಸಿಗೆಯಲ್ಲಿ ಎರಡೂ ಕಡೆಯ ಗಡಿಯಾರಕ್ಕೆ 9.30 ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ 10.30. ಬೇಸಿಗೆಯ ವ್ಯತ್ಯಾಸ ಕೂಡಿದರೆ ಪ್ರಯಾಣ 15 ಗಂಟೆ. ನಮ್ಮ ಪಕ್ಕದ ಮನೆಗೆ ಬಂದ ಅಮ್ಮನವರು ಆ ಐದೂವರೆ ಗಂಟೆಯ ಲೆಕ್ಕ ನಂಬಿ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನೆಲ್ಲ ದೊಡ್ಡ ಸೂಟ್‌ಕೇಸಿಗೆ ಹಾಕಿ ಕಳಿಸಿದ್ದರು. ಸೂಟ್‌ಕೇಸ್ ವಿಮಾನದ ಹೊಟ್ಟೆಯಲ್ಲಿತ್ತು, ಅವರ ಕೈಚೀಲದಲ್ಲಿ ಒಂದು ಮಾತ್ರೆಯೂ ಇರಲಿಲ್ಲ.